ಜೊತೆಯ ಹೆಸರಿನಿಂದ ಎಷ್ಟು ಮತ?

2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 135 ಸ್ಥಾನ ಗೆದ್ದು ಅಧಿಕಾರ ಹಿಡಿಯಿತು. ಪಕ್ಷದ ರಾಷ್ಟ್ರೀಯ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆ ಹುಟ್ಟಿದ್ದು ಬೀದರ್ ಜಿಲ್ಲೆಯ ವರವಟ್ಟಿಯಲ್ಲಿ. ಕಲ್ಯಾಣ ಕರ್ನಾಟಕದ 41 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಬಂದವು. ಆದರೆ ಖರ್ಗೆಯವರ ಹುಟ್ಟೂರಿನ ಜಿಲ್ಲೆಯಲ್ಲೇ ಇರುವ ಬಸವಕಲ್ಯಾಣ ಮತ್ತು ಹುಮನಾಬಾದ್ ಬಿಜೆಪಿಯ ಪಾಲಾದವು.

ಅಭ್ಯರ್ಥಿಯ ಜೊತೆಗೆ ಬರುವ ಇನ್ನೊಂದು ಹೆಸರು ಎಷ್ಟು ಮತ ತರುತ್ತದೆ? ಈ ಪ್ರಶ್ನೆಯನ್ನು ಹೆಚ್ಚು ಕಾಲ ಅಳೆದು ನೋಡಿದವರು ಅಮೆರಿಕದ ರಾಜಕೀಯ ಶಾಸ್ತ್ರಜ್ಞರು. ಅಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಅಭ್ಯರ್ಥಿಗಳಿಬ್ಬರಿಗೂ ಸೇರಿ ಮತದಾರ ಹಾಕುವುದು ಒಂದೇ ಮತ.

ಮೊದಲಿಗೆ ಉಪಾಧ್ಯಕ್ಷ ಅಭ್ಯರ್ಥಿಯ ಆಯ್ಕೆ ಪಕ್ಷದ ನಾಯಕರ ಲೆಕ್ಕಾಚಾರವಾಗಿತ್ತು. ಉತ್ತರದ ಜಾನ್ ಕೆನಡಿ 1960ರಲ್ಲಿ ಟೆಕ್ಸಾಸ್‌ನ ಲಿಂಡನ್ ಜಾನ್ಸನ್ ಅವರನ್ನು ಜೊತೆಗೆ ಕರೆದುಕೊಂಡರು, ಟೆಕ್ಸಾಸ್ ಗೆದ್ದರು. ಅಲ್ಲಿಂದ ‘ತವರು ರಾಜ್ಯದ ಲಾಭ’ ಎಂಬ ನಂಬಿಕೆ ಗಟ್ಟಿಯಾಯಿತು. ಆದರೆ 1988ರಲ್ಲಿ ಟೆಕ್ಸಾಸ್‌ನವರೇ ಆದ ಲಾಯ್ಡ್ ಬೆಂಟ್ಸನ್ ಜೊತೆಗಿದ್ದೂ ಅಧ್ಯಕ್ಷ ಅಭ್ಯರ್ಥಿ ಡುಕಾಕಿಸ್ ಆ ರಾಜ್ಯದಲ್ಲಿ ಸೋತರು. ಉಪಾಧ್ಯಕ್ಷ ಅಭ್ಯರ್ಥಿಗಳಾಗಿದ್ದ ಎಡ್ವರ್ಡ್ಸ್‌ಗೆ 2004ರಲ್ಲಿ ತವರು ನಾರ್ತ್ ಕೆರೊಲಿನಾ, ರಯಾನ್‌ಗೆ 2012ರಲ್ಲಿ ತವರು ವಿಸ್ಕಾನ್ಸಿನ್ ಒಲಿಯಲಿಲ್ಲ.

ನಂಬಿಕೆಯನ್ನು ಅಂಕಿಗಳ ಒರೆಗೆ ಹಚ್ಚಿದವರು ಡಡ್ಲಿ ಮತ್ತು ರಾಪೊಪೋರ್ಟ್. ಒಂದು ಶತಮಾನದ ಫಲಿತಾಂಶಗಳನ್ನು ಪರಿಶೀಲಿಸಿ 1989ರಲ್ಲಿ ಅವರು ಹೇಳಿದ್ದು: ತವರಿನ ಲಾಭ ಸರಾಸರಿ ಶೇ. 0.3 ಮಾತ್ರ. 2016ರಲ್ಲಿ ಹೀರ್ಸಿಂಕ್ ಮತ್ತು ಪೀಟರ್ಸನ್ ಬೇರೊಂದು ವಿಧಾನದಿಂದ ಲೆಕ್ಕ ಹಾಕಿ ಶೇ. 2.67 ಎಂದರು. ಅದೇ ವರ್ಷ ಡಿವೈನ್ ಮತ್ತು ಕೊಪ್ಕೊ ತಮ್ಮ ಪುಸ್ತಕದಲ್ಲಿ ಜಾನ್ಸನ್–ಟೆಕ್ಸಾಸ್ ಕಥೆಯನ್ನೇ ಪ್ರಶ್ನಿಸಿದರು. 2020ರಲ್ಲಿ ಈ ಇಬ್ಬರೇ ಚರ್ಚೆಯ ದಿಕ್ಕು ಬದಲಿಸಿದರು: ಜೊತೆಗಾರನ ಹೆಸರು ನೇರವಾಗಿ ತರುವ ಮತ ಕಡಿಮೆ, ಅಂಥವನನ್ನು ಆರಿಸಿದ ಮುಖ್ಯ ಅಭ್ಯರ್ಥಿಯ ವಿವೇಕ ಎಂಥದು ಎಂಬ ಅಂದಾಜಿನ ಮೂಲಕ ಪರಿಣಾಮ ಹರಿಯುತ್ತದೆ. 2008ರಲ್ಲಿ 72 ವರ್ಷ ವಯಸ್ಸಿನ ಅಧ್ಯಕ್ಷ ಅಭ್ಯರ್ಥಿ ಮೆಕೇನ್, ಸಾರಾ ಪೇಲಿನ್ ಅವರನ್ನು ಜೊತೆಗಾರ್ತಿಯಾಗಿ ಆರಿಸಿದಾಗ ಎದ್ದ ಚರ್ಚೆಯೂ ಇದೇ ಬಗೆಯದು.

ನಮ್ಮಲ್ಲಿ ಅಂಥ ಜೋಡಿ ಮತಪತ್ರವಿಲ್ಲ. ರಾಷ್ಟ್ರಪತಿ, ಉಪರಾಷ್ಟ್ರಪತಿಗಳ ಆಯ್ಕೆ ಬೇರೆ ಬೇರೆಯಾಗಿ ನಡೆಯುತ್ತದೆ. ಮುಖ್ಯಮಂತ್ರಿ ಧರ್ಮಸಿಂಗ್, ಉಪಮುಖ್ಯಮಂತ್ರಿ ಸಿದ್ದರಾಮಯ್ಯ ಜೋಡಿ 2004ರಲ್ಲಿ ಕೂಡಿದ್ದು ಫಲಿತಾಂಶ ಬಂದ ಮೇಲೆ. ಇಲ್ಲಿ ಅಭ್ಯರ್ಥಿಯ ಜೊತೆಗೆ ಬರುವ ಹೆಸರು ತಂದೆಯದು, ಗಂಡನದು ಅಥವಾ ಪಕ್ಷದ ನಾಯಕನದು.

ಆ ಹೆಸರುಗಳ ಬಲವನ್ನು ಬಸವಕಲ್ಯಾಣ ಮತ್ತೆ ಮತ್ತೆ ಪರೀಕ್ಷಿಸಿದೆ. ಶಾಸಕ ಬಿ. ನಾರಾಯಣರಾವ್ 2020ರಲ್ಲಿ ಕೋವಿಡ್‌ನಿಂದ ತೀರಿಕೊಂಡರು. 2021ರ ಏಪ್ರಿಲ್ 17ರ ಉಪಚುನಾವಣೆಯಲ್ಲಿ ಕಾಂಗ್ರೆಸ್ ಅವರ ಪತ್ನಿ ಮಾಲಾ ಅವರನ್ನು ಕಣಕ್ಕಿಳಿಸಿತು. ಅನುಕಂಪ ಸಾಲಲಿಲ್ಲ, ಬಿಜೆಪಿಯ ಶರಣು ಸಲಗರ 20 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಗೆಲುವಿನ ಶ್ರೇಯ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರಿಗೆ ಎನ್ನೋಣವೇ? ಅದೇ ದಿನ ಮತದಾನ ನಡೆದ ಮಸ್ಕಿಯಲ್ಲಿ ಅವರ ಪಕ್ಷ 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತಿತು. ನಾಯಕ ಒಬ್ಬರೇ, ದಿನವೂ ಒಂದೇ, ಫಲಿತಾಂಶ ಮಾತ್ರ ಎರಡು.

2023ರಲ್ಲಿ ಕಾಂಗ್ರೆಸ್ ಧರ್ಮಸಿಂಗ್ ಅವರ ಮಗ ವಿಜಯ ಸಿಂಗ್ ಅವರನ್ನು ಬಸವಕಲ್ಯಾಣಕ್ಕೆ ತಂದಿತು. ಸಲಗರ ಮತ್ತೆ ಗೆದ್ದರು. ಹುಮನಾಬಾದಿನಲ್ಲಿ ಆಗಿನ ಜೆಡಿಎಸ್ ರಾಜ್ಯಾಧ್ಯಕ್ಷ ಸಿ.ಎಂ. ಇಬ್ರಾಹಿಂ ಅವರ ಮಗ ಸಿ.ಎಂ. ಫಯಾಜ್ ಮೂರನೆಯವರಾದರು. ಅಲ್ಲಿ ನಿಜವಾದ ಹಣಾಹಣಿ ನಡೆದದ್ದು ಒಂದೇ ಪಾಟೀಲ ಮನೆತನದ ಇಬ್ಬರ ನಡುವೆ. ಬಿಜೆಪಿಯ ಸಿದ್ದು ಪಾಟೀಲ, ಕಾಂಗ್ರೆಸ್ಸಿನ ರಾಜಶೇಖರ ಪಾಟೀಲರನ್ನು 1,594 ಮತಗಳಿಂದ ಸೋಲಿಸಿದರು.

ಅಮೆರಿಕದ ಚರ್ಚೆಗೆ ಬೆಲೆ ಬರುವುದು ಇಂಥ ಕಡೆಯೇ. ಶೇ. 1ರಷ್ಟು ಮತ ಅತ್ತಿತ್ತ ಸರಿದಿದ್ದರೂ ಹುಮನಾಬಾದಿನ ಶಾಸಕರು ಬೇರೆಯಾಗುತ್ತಿದ್ದರು. ಮಸ್ಕಿಯಲ್ಲಿ ಏನೂ ಬದಲಾಗುತ್ತಿರಲಿಲ್ಲ. ಜೊತೆಯ ಹೆಸರು ಸೋಲನ್ನು ಗೆಲುವಾಗಿಸುವುದು ಅಂತರ ಕೂದಲೆಳೆಯಷ್ಟಿದ್ದಾಗ ಮಾತ್ರ. ಮತಗಟ್ಟೆವಾರು ಅಂಕಿಅಂಶಗಳು ಚುನಾವಣಾ ಆಯೋಗದ ನಮೂನೆ 20ರಲ್ಲಿ ಎಲ್ಲರಿಗೂ ಸಿಗುತ್ತವೆ. ನಮ್ಮ ವಿಶ್ವವಿದ್ಯಾಲಯಗಳ ರಾಜ್ಯಶಾಸ್ತ್ರ ವಿಭಾಗಗಳು ಅವನ್ನು ಕೈಗೆತ್ತಿಕೊಂಡು, ನಾಯಕರ ಹೆಸರಿಗೆ ಬಿದ್ದ ಮತವೆಷ್ಟು, ಅಭ್ಯರ್ಥಿಯ ಕೆಲಸಕ್ಕೆ ಬಿದ್ದ ಮತವೆಷ್ಟು ಎಂದು ಬೀದರಿನ ಕ್ಷೇತ್ರಗಳಿಂದಲೇ ಲೆಕ್ಕ ಹಾಕಲು ತೊಡಗಬೇಕು.