ನಾದದ ನಡಿಗೆ, ಗೆರೆಯ ನಡಿಗೆ

ಸಂಗೀತ ಕೇಳಿ ಆನಿಮೇಶನ್ ಮಾಡಹೊರಟವರನ್ನು ಮೊದಲು ಕಾಡುವುದು ಏನನ್ನು ತೋರಿಸಬೇಕೆಂಬ ಪ್ರಶ್ನೆ. ವಿಷಾದದ ರಾಗಕ್ಕೆ ಒಂಟಿ ಮರ, ದ್ರುತಗತಿಗೆ ಓಡುವ ಕುದುರೆ ಥಟ್ಟನೆ ಹೊಳೆಯುತ್ತವೆ. ಈ ಕ್ಷೇತ್ರವನ್ನು ನೂರು ವರ್ಷಗಳಿಂದ ಬೆಳೆಸಿದವರಲ್ಲಿ ಹೆಚ್ಚಿನವರು ಅಂಥ ಚಿತ್ರಗಳನ್ನು ಪಕ್ಕಕ್ಕಿಟ್ಟರು. ನಾದ ಹೇಗೆ ಹುಟ್ಟುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಹೇಗೆ ಕರಗುತ್ತದೆ ಎಂದು ಗಮನಿಸಿ, ಆ ಚಲನೆಗೆ ಆಕಾರ ಹುಡುಕಿದರು.

ಜರ್ಮನಿಯ ವರ್ಣಚಿತ್ರಕಾರ ವಾಲ್ಟರ್ ರುಟ್‌ಮನ್ 1921ರಲ್ಲಿ ‘ಓಪಸ್ 1’ ತೋರಿಸಿದಾಗ ಚಲನಚಿತ್ರಕ್ಕೆ ಇನ್ನೂ ಧ್ವನಿ ಬಂದಿರಲಿಲ್ಲ. ಗಾಜಿನ ಮೇಲೆ ಬಳಿದ ಬಣ್ಣವನ್ನು ಚೂರುಚೂರೇ ಬದಲಿಸುತ್ತ ತೆಗೆದ ಚಿತ್ರವದು. ಮ್ಯಾಕ್ಸ್ ಬುಟಿಂಗ್ ಅದಕ್ಕೆಂದೇ ಸಂಗೀತ ರಚಿಸಿದರು. ವಾದ್ಯದವರು ಪರದೆಯೊಂದಿಗೆ ಹೊಂದಿಕೊಂಡು ನುಡಿಸಲೆಂದು ರುಟ್‌ಮನ್ ಸ್ವರಲಿಪಿಯ ಹಾಳೆಗಳಲ್ಲೇ ಬಣ್ಣದ ಆಕೃತಿಗಳನ್ನು ಬರೆದುಕೊಟ್ಟರು. ಸ್ವೀಡನ್ ಮೂಲದ ವೈಕಿಂಗ್ ಎಗ್ಗೆಲಿಂಗ್ ‘ಡಯಾಗನಲ್ ಸಿಂಫನಿ’ಯಲ್ಲಿ ಸಂಗೀತವನ್ನೇ ಕೈಬಿಟ್ಟು, ಬರಿಯ ಗೆರೆಗಳಿಂದ ಲಯ ಹೊರಡಿಸಿದರು.

ಇದೇ ಹಾದಿ ಹಿಡಿದ ಜರ್ಮನಿಯ ಓಸ್ಕರ್ ಫಿಶಿಂಗರ್ ಅವರ ಕಥೆಯಲ್ಲಿ ನೋವೂ ಇದೆ. ಅಮೆರಿಕಕ್ಕೆ ಹೋದ ಅವರು ಡಿಸ್ನಿಯ ‘ಫ್ಯಾಂಟೇಸಿಯಾ’ದಲ್ಲಿ ಬಾಖ್‌ನ ‘ಟೊಕಾಟಾ ಮತ್ತು ಫ್ಯೂಗ್’ ಭಾಗಕ್ಕೆ ವಿನ್ಯಾಸ ಮಾಡಿದರು. ಅವರ ಶುದ್ಧ ಆಕೃತಿಗಳನ್ನು ಪ್ರೇಕ್ಷಕರಿಗೆ ಗುರುತು ಸಿಗುವಂತೆ ಬದಲಾಯಿಸಲಾಯಿತು. ಚಿತ್ರ ಮುಗಿಯುವ ಮೊದಲೇ ಅವರು ಹೊರಬಂದರು. 1940ರಲ್ಲಿ ತೆರೆಕಂಡ ಆ ಭಾಗದಲ್ಲಿ ಪಿಟೀಲಿನ ಕಮಾನುಗಳು ತೇಲುತ್ತವೆ. ಸೊಗಸಾಗಿದೆ, ಆದರೆ ವಾದ್ಯವನ್ನು ತೋರಿಸಿದೊಡನೆ ಕಣ್ಣು ಕೇಳಿಸಿಕೊಳ್ಳುವುದನ್ನು ನಿಲ್ಲಿಸುತ್ತದೆ ಎಂದೇ ನನಗೆ ಅನ್ನಿಸುತ್ತದೆ. 1947ರ ‘ಮೋಶನ್ ಪೇಂಟಿಂಗ್ ನಂ. 1’ರಲ್ಲಿ ಫಿಶಿಂಗರ್ ತಮ್ಮ ಮಾತನ್ನು ಪೂರ್ತಿ ಹೇಳಿದರು. ಮತ್ತೆ ಬಾಖ್, ಮೂರನೆಯ ಬ್ರಾಂಡನ್‌ಬರ್ಗ್ ಕಂಚೆರ್ಟೊ. ಕುಂಚದ ಒಂದೊಂದು ಎಳೆತಕ್ಕೂ ಒಂದೊಂದು ಫ್ರೇಮ್. ಸ್ವರಕ್ಕೆ ಸ್ವರ ತಾಳೆಯಾಗುವುದಿಲ್ಲ. ಆದರೂ ಚಿತ್ರ ಸಂಗೀತದಷ್ಟೇ ಸಾವಧಾನವಾಗಿ ಬೆಳೆಯುತ್ತದೆ.

ಬ್ರಿಟನ್ನಿನ ಅಂಚೆ ಇಲಾಖೆಯ ಚಿತ್ರಘಟಕಕ್ಕಾಗಿ ಲೆನ್ ಲೈ 1935ರಲ್ಲಿ ಕ್ಯಾಮೆರಾ ಇಲ್ಲದೆ, ಫಿಲ್ಮಿನ ಮೇಲೇ ಬಣ್ಣ ಬಳಿದು ‘ಎ ಕಲರ್ ಬಾಕ್ಸ್’ ಮಾಡಿದರು. ಆ ಜಾಡನ್ನು ಅತಿ ದೂರ ಒಯ್ದವರು ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯ ನಾರ್ಮನ್ ಮೆಕ್ಲಾರೆನ್. ಈವ್ಲಿನ್ ಲ್ಯಾಂಬರ್ಟ್ ಜೊತೆಗೂಡಿ 1949ರಲ್ಲಿ ಮಾಡಿದ ‘ಬಿಗಾನ್ ಡಲ್ ಕೇರ್’ ಈ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಜಾಝ್ ಪಿಯಾನೊವಾದಕ ಆಸ್ಕರ್ ಪೀಟರ್ಸನ್ ಜೊತೆ ಮೆಕ್ಲಾರೆನ್ ಮೊದಲೇ ಕೂತು ಚರ್ಚಿಸಿದರು. ಪೀಟರ್ಸನ್ ನುಡಿಸಿದ್ದು ಬಣ್ಣಗಳನ್ನು ಸೂಚಿಸಿತು. ಮೆಕ್ಲಾರೆನ್‌ಗೆ ಬೇಕಾದ ಚಲನೆ ಪೀಟರ್ಸನ್ ನುಡಿಸುವ ರೀತಿಯನ್ನೂ ತಿದ್ದಿತು. ಧ್ವನಿಮುದ್ರಣದ ನಂತರ ಉದ್ದನೆಯ ಫಿಲ್ಮ್ ಪಟ್ಟಿಗಳ ಮೇಲೆ, ಫ್ರೇಮಿನ ಗಡಿ ಲೆಕ್ಕಿಸದೆ, ಬಣ್ಣ ಹರಿಸಿದರು. ನಡುವಿನ ವಿಳಂಬ ಭಾಗದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಕೆರೆದ ಕೆಲವೇ ಬಿಳಿ ಗೆರೆಗಳಿವೆ, ಅಷ್ಟೇ. ಎಲ್ಲಿ ತೋರಿಸದೆ ಇರಬೇಕೆಂಬ ಅರಿವು ಅಲ್ಲಿದೆ; ಏನನ್ನು ತೋರಿಸಬೇಕೆಂದು ಯೋಚಿಸುತ್ತ ಕೂತವರು ಮರೆಯುವುದು ಇದನ್ನೇ.

ಆಮೇಲೆ ಯಂತ್ರ ಬಂತು. ವಿಮಾನ ಉರುಳಿಸುವ ಫಿರಂಗಿಗಳಿಗೆ ಗುರಿ ಲೆಕ್ಕಹಾಕುತ್ತಿದ್ದ, ಯುದ್ಧದ ಬಳಿಕ ಗುಜರಿ ಸೇರಿದ್ದ ಉಪಕರಣವನ್ನು ಜಾನ್ ವಿಟ್ನಿ ಚಿತ್ರ ಬಿಡಿಸಲು ಒಗ್ಗಿಸಿಕೊಂಡು 1961ರಲ್ಲಿ ‘ಕ್ಯಾಟಲಾಗ್’ ಮಾಡಿದರು. ಕಂಪ್ಯೂಟರಿನಲ್ಲಿ ಮೂಡಿದ ‘ಅರಬೆಸ್ಕ್’ (1975) ಇರಾನಿನ ಸಂತೂರಿಗೆ ಕುಣಿಯುತ್ತದೆ. ಎರಡು ವರ್ಷಗಳ ನಂತರ, ಅದೇ ಕೆನಡಾ ಮಂಡಳಿಯಲ್ಲಿ, ಗುಜರಾತಿನ ಇಶು ಪಟೇಲ್ ಸಾವಿರಾರು ಮಣಿಗಳನ್ನು ಸರಿಸಿ ‘ಬೀಡ್ ಗೇಮ್’ ಮಾಡಿದರು. ಮಣಿಗಳು ಪ್ರಾಣಿಗಳಾಗಿ ಒಂದನ್ನೊಂದು ನುಂಗುವ ಗತಿಯನ್ನು ಜ್ಞಾನಪ್ರಕಾಶ್ ಘೋಷ್ ಅವರ ತಾಳವಾದ್ಯಗಳು ಹಿಡಿದಿಟ್ಟಿವೆ.

1980ರ ದಶಕದಲ್ಲಿ ಸ್ಟೀಫನ್ ಮಲಿನೋವ್‌ಸ್ಕಿ ರೂಪಿಸಿದ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಪ್ರತಿ ಸ್ವರವೂ ಒಂದು ಬಣ್ಣದ ಪಟ್ಟಿಯಾಗಿ ಪರದೆಯ ಮೇಲೆ ಸರಿಯುತ್ತದೆ. ಬಾಖ್‌ನ ಎಳೆಗಳನ್ನು ಬಿಡಿಸಿ ನೋಡಲು ಇದಕ್ಕಿಂತ ಸ್ಪಷ್ಟವಾದ ಸಾಧನ ನಾನು ಕಂಡಿಲ್ಲ. ಕರ್ನಾಟಕ ಸಂಗೀತಕ್ಕೆ ಈ ಪಟ್ಟಿ ಸಾಲದು. ತೋಡಿಯ ಗಾಂಧಾರ ಒಂದೆಡೆ ನಿಲ್ಲುವ ಸ್ವರವಲ್ಲ; ಕಂಪಿತವೇ ಅದರ ಜೀವ. ಅದನ್ನು ಬರೆಯಲು ಬೇಕಾದದ್ದು ಗಮಕದ ಜೊತೆಗೇ ತೂಗುವ ಗೆರೆ, ಗಾಯಕರ ಪಕ್ಕದಲ್ಲೇ ಕೂತು ಅದನ್ನು ಎಳೆಯಬಲ್ಲ ಚಿತ್ರಕಾರರು.