ಮಾಜಿ ಸೈನಿಕ ಮತ್ತು ಮೀಸಲು ಸೈನಿಕ: ಅಮೆರಿಕದ ಸೈನಿಕ ಶಿಕ್ಷಣ ಸೌಲಭ್ಯಗಳ ಒಂದು ತೌಲನಿಕ ಅಧ್ಯಯನ

ಪೀಠಿಕೆ

ಆಯುಧ ಹಿಡಿದು ದುಡಿದವನಿಗೆ ರಾಜ್ಯವು ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆ ಬಹಳ ಹಳೆಯದು. ಹೋರಾಡಿ ಮಡಿದವನ ಕುಟುಂಬಕ್ಕೆ ಬಿಟ್ಟ ಭೂಮಿಯನ್ನು ನಮ್ಮ ಶಾಸನಗಳು ‘ನೆತ್ತರುಗೊಡಗೆ’ ಎಂದು ಕರೆದಿವೆ. ಒಡೆಯನ ಅನ್ನವನ್ನು ಉಂಡವನು ಮುಂದೆ ಅವನಿಗಾಗಿ ಹೋರಾಡಬೇಕಾದ ಹೊಣೆಯನ್ನು ‘ಜೋಳವಾಳಿ’ ಎಂಬ ಮಾತು ಸೂಚಿಸುತ್ತದೆ. ಮೊದಲನೆಯದು ಸಂದ ಸೇವೆಯ ಋಣಸಂದಾಯ. ಎರಡನೆಯದು ಸಲ್ಲಬೇಕಾದ ಸೇವೆಗೆ ಕೊಟ್ಟ ಮುಂಗಡ. ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಸೈನಿಕರಿಗಾಗಿ ರೂಪುಗೊಂಡ ಶಿಕ್ಷಣ ಸೌಲಭ್ಯಗಳ ಚರಿತ್ರೆಯಲ್ಲಿಯೂ ಇಂಥದೇ ಎರಡು ತತ್ತ್ವಗಳು ಬೇರೆ ಬೇರೆ ಹೆಸರಿನಲ್ಲಿ ಕೆಲಸಮಾಡಿರುವುದು ಕಂಡುಬರುತ್ತದೆ.

ಅಮೆರಿಕದ ಸೈನ್ಯದಲ್ಲಿ ಪೂರ್ಣಾವಧಿ ಸೇವೆಯ ಸೈನಿಕರಲ್ಲದೆ ಮೀಸಲು ಪಡೆಗಳ ಸೈನಿಕರೂ ಇದ್ದಾರೆ. ರಾಜ್ಯಗಳ ಅಧೀನದಲ್ಲಿರುವ ನ್ಯಾಷನಲ್ ಗಾರ್ಡ್ ಕೂಡ ಈ ಎರಡನೆಯ ಗುಂಪಿಗೆ ಸೇರುತ್ತದೆ. ಭಾರತದ ಪ್ರಾದೇಶಿಕ ಸೇನೆಯವರಂತೆ ಇವರು ನಾಗರಿಕ ವೃತ್ತಿಗಳಲ್ಲಿದ್ದುಕೊಂಡು, ಸಾಮಾನ್ಯವಾಗಿ ತಿಂಗಳಿಗೊಂದು ವಾರಾಂತ್ಯ ಮತ್ತು ವರ್ಷಕ್ಕೆ ಎರಡು ವಾರ ತರಬೇತಿ ಪಡೆದು, ಕರೆ ಬಂದಾಗ ಪೂರ್ಣಾವಧಿ ಸೇವೆಗೆ ಹೋಗುತ್ತಾರೆ. ಮಾಜಿ ಸೈನಿಕರಿಗೆ ದೊರೆತ ಶಿಕ್ಷಣ ನೆರವು ಹಾಗೂ ಮೀಸಲು ಸೈನಿಕರಿಗೆ ದೊರೆತ ನೆರವು ಇವುಗಳ ನಡುವಿನ ಅಂತರವು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಎಷ್ಟರಮಟ್ಟಿಗೆ ಕಡಿಮೆಯಾಯಿತು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

೧. ೧೯೪೪ರ ಕಾಯಿದೆ

ಮೊದಲನೆಯ ಮಹಾಯುದ್ಧದ ಸೈನಿಕರಿಗೆ ೧೯೨೪ರ ಕಾಯಿದೆಯೊಂದು ಪರಿಹಾರ ಧನದ ಭರವಸೆ ನೀಡಿತ್ತು. ಆದರೆ ಹಣ ಕೈಸೇರಬೇಕಾದದ್ದು ೧೯೪೫ರಲ್ಲಿ. ಆರ್ಥಿಕ ಮುಗ್ಗಟ್ಟಿನಿಂದ ಕಂಗೆಟ್ಟ ಸಾವಿರಾರು ಮಾಜಿ ಸೈನಿಕರು ೧೯೩೨ರಲ್ಲಿ ಆ ಹಣವನ್ನು ಕೂಡಲೇ ಕೊಡಬೇಕೆಂದು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಬೀಡುಬಿಟ್ಟರು. ಅವರನ್ನು ಸೈನ್ಯವನ್ನೇ ಬಳಸಿ ಚದುರಿಸಲಾಯಿತು. ಈ ಕಹಿ ನೆನಪು ಎರಡನೆಯ ಮಹಾಯುದ್ಧದ ಕಾಲದ ಶಾಸಕರನ್ನು ಬಿಟ್ಟಿರಲಿಲ್ಲ. ಸುಮಾರು ೧ ಕೋಟಿ ೬೦ ಲಕ್ಷ ಜನ ಒಮ್ಮೆಗೇ ಊರಿಗೆ ಮರಳಿದರೆ ನಿರುದ್ಯೋಗ ಮತ್ತೆ ತಲೆಯೆತ್ತೀತೆಂಬ ಭಯವೂ ಇತ್ತು.

ಈ ಹಿನ್ನೆಲೆಯಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ೧೯೪೪ರ ಜೂನ್ ೨೨ರಂದು ಸೈನಿಕರ ಪುನರ್ವಸತಿ ಕಾಯಿದೆಗೆ ಸಹಿ ಹಾಕಿದರು. ಇದೇ ಮುಂದೆ ‘ಜಿ.ಐ. ಬಿಲ್’ ಎಂದು ಪ್ರಸಿದ್ಧವಾಯಿತು. ಕನಿಷ್ಠ ೯೦ ದಿನ ಸೇವೆ ಸಲ್ಲಿಸಿ, ಕಳಂಕವಿಲ್ಲದೆ ಬಿಡುಗಡೆ ಹೊಂದಿದವರಿಗೆ ವರ್ಷಕ್ಕೆ ೫೦೦ ಡಾಲರುಗಳವರೆಗೆ ಬೋಧನಾ ಶುಲ್ಕ, ತಿಂಗಳಿಗೆ ೫೦ ಡಾಲರು ಜೀವನಭತ್ಯೆ, ಅವಲಂಬಿತರಿದ್ದರೆ ೭೫ ಡಾಲರು ದೊರೆಯುತ್ತಿತ್ತು. ಷಿಕಾಗೋ ವಿಶ್ವವಿದ್ಯಾಲಯದ ಮುಖ್ಯಸ್ಥ ರಾಬರ್ಟ್ ಹಚಿನ್ಸ್ ಅವರಂಥವರು ಇದರಿಂದ ಉನ್ನತ ಶಿಕ್ಷಣದ ಮಟ್ಟ ಕುಸಿಯುವುದೆಂದು ಆತಂಕಪಟ್ಟರು. ಆದರೆ ನಡೆದದ್ದು ಬೇರೆ. ೧೯೪೭ರಲ್ಲಿ ಕಾಲೇಜು ಪ್ರವೇಶ ಪಡೆದವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿ ಮಾಜಿ ಸೈನಿಕರೇ ಆಗಿದ್ದರು. ೧೯೫೬ರ ಹೊತ್ತಿಗೆ ಸುಮಾರು ೭೮ ಲಕ್ಷ ಜನ ಈ ಕಾಯಿದೆಯಡಿ ಶಿಕ್ಷಣ ಅಥವಾ ತರಬೇತಿ ಪಡೆದಿದ್ದರು. ಅವರಲ್ಲಿ ಸುಮಾರು ೨೨ ಲಕ್ಷ ಜನ ಕಾಲೇಜುಗಳಿಗೆ ಹೋದವರು. ಕಾಯಿದೆಯ ಅನುಷ್ಠಾನವು ಸ್ಥಳೀಯ ಅಧಿಕಾರಿಗಳ ಮತ್ತು ವರ್ಣಭೇದವನ್ನು ಪಾಲಿಸುತ್ತಿದ್ದ ಸಂಸ್ಥೆಗಳ ಕೈಯಲ್ಲಿದ್ದ ಕಾರಣ, ವಿಶೇಷವಾಗಿ ದಕ್ಷಿಣದ ರಾಜ್ಯಗಳ ಕಪ್ಪು ಸೈನಿಕರಿಗೆ ಈ ಹಕ್ಕು ಕಾಗದದ ಮೇಲಿದ್ದಷ್ಟು ಬಳಕೆಗೆ ಬರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು.

ನಮ್ಮ ವಿಷಯಕ್ಕೆ ಮುಖ್ಯವಾದ ಅಂಶವೆಂದರೆ, ಈ ಕಾಯಿದೆ ಮೀಸಲು ಸೈನಿಕನನ್ನು ಪ್ರತ್ಯೇಕ ವರ್ಗವೆಂದು ಗುರುತಿಸಲಿಲ್ಲ. ೧೯೪೦ರಿಂದ ನ್ಯಾಷನಲ್ ಗಾರ್ಡ್‌ನ ಪಡೆಗಳನ್ನು ಕೇಂದ್ರದ ಸೇವೆಗೆ ಸೇರಿಸಿಕೊಳ್ಳಲಾಗಿತ್ತು. ಯುದ್ಧ ಮುಗಿದಾಗ ಗಾರ್ಡ್‌ನಿಂದ ಬಂದವನೂ ಕಡ್ಡಾಯ ಭರ್ತಿಯಿಂದ ಬಂದವನೂ ಒಂದೇ ಅರ್ಜಿಯನ್ನು ತುಂಬಿ ಒಂದೇ ತರಗತಿಯಲ್ಲಿ ಕುಳಿತರು. ಸೌಲಭ್ಯವು ಸಂದ ಸೇವೆಯ ಋಣವಾಗಿತ್ತೇ ಹೊರತು ಸೈನ್ಯಕ್ಕೆ ಸೇರಲು ಒಡ್ಡಿದ ಆಕರ್ಷಣೆಯಾಗಿರಲಿಲ್ಲ.

೨. ಕೊರಿಯಾದಿಂದ ವಿಯೆಟ್ನಾಮಿನವರೆಗೆ

ಶುಲ್ಕವನ್ನು ನೇರವಾಗಿ ಸಂಸ್ಥೆಗಳಿಗೆ ಪಾವತಿ ಮಾಡುತ್ತಿದ್ದುದರಿಂದ ಲಾಭಕೋರ ತರಬೇತಿ ಶಾಲೆಗಳು ನಾಯಿಕೊಡೆಗಳಂತೆ ಹುಟ್ಟಿಕೊಂಡಿದ್ದವು. ಇದನ್ನು ತಡೆಯುವ ಸಲುವಾಗಿ ೧೯೫೨ರ ಕಾಯಿದೆಯು ತಿಂಗಳಿಗೆ ೧೧೦ ಡಾಲರುಗಳನ್ನು ವಿದ್ಯಾರ್ಥಿಯ ಕೈಗೇ ಕೊಟ್ಟು, ಶುಲ್ಕವನ್ನೂ ಜೀವನವೆಚ್ಚವನ್ನೂ ಅದರಲ್ಲಿಯೇ ನಿಭಾಯಿಸಿಕೊಳ್ಳುವಂತೆ ಮಾಡಿತು. ಗರಿಷ್ಠ ಅವಧಿ ೪೮ ತಿಂಗಳುಗಳಿಂದ ೩೬ಕ್ಕೆ ಇಳಿಯಿತು. ಅಧ್ಯಕ್ಷ ಲಿಂಡನ್ ಜಾನ್ಸನ್ ಅವರು ಸಹಿ ಹಾಕಿದ ೧೯೬೬ರ ಕಾಯಿದೆ ಯುದ್ಧಕಾಲದ ಸೈನಿಕರ ಜೊತೆಗೆ ಶಾಂತಿಕಾಲದಲ್ಲಿ ಸೇವೆ ಸಲ್ಲಿಸಿದವರಿಗೂ ಸೌಲಭ್ಯವನ್ನು ವಿಸ್ತರಿಸಿತು. ಆದರೆ ಆರಂಭದ ದರ ತಿಂಗಳಿಗೆ ಕೇವಲ ೧೦೦ ಡಾಲರು.

ವಿಯೆಟ್ನಾಂ ಯುದ್ಧಕ್ಕೆ ಮೀಸಲು ಪಡೆಗಳನ್ನು ದೊಡ್ಡ ಪ್ರಮಾಣದಲ್ಲಿ ಕರೆಯಲಿಲ್ಲ. ೧೯೬೮ರಲ್ಲಿ ಕರೆದದ್ದು ಒಂದು ಚಿಕ್ಕ ಭಾಗವನ್ನು ಮಾತ್ರ. ಹೀಗಾಗಿ ಮೀಸಲು ಪಡೆ ಎಂದರೆ ಯುದ್ಧವನ್ನು ತಪ್ಪಿಸಿಕೊಳ್ಳುವ ತಾಣ ಎಂಬ ಭಾವನೆ ಜನರಲ್ಲಿ ಬೇರೂರಿತು. ಮೀಸಲು ಸೈನಿಕನ ಸೇವೆ ಕಡಿಮೆ ತೂಕದ್ದು ಎಂಬ ಗ್ರಹಿಕೆಗೆ ಇದೂ ಒಂದು ಕಾರಣವಾಗಿರಬೇಕು.

೩. ೧೯೮೪: ಎರಡು ಕವಲುಗಳು

೧೯೭೩ರಲ್ಲಿ ಕಡ್ಡಾಯ ಭರ್ತಿ ಕೊನೆಗೊಂಡಿತು. ಸ್ವಯಂಪ್ರೇರಣೆಯಿಂದ ಸೇರುವವರನ್ನೇ ನಂಬಬೇಕಾದ ಸೈನ್ಯಕ್ಕೆ ಶಿಕ್ಷಣ ನೆರವು ಭರ್ತಿಯ ಸಾಧನವಾಗಿ ಕಾಣತೊಡಗಿತು. ೧೯೭೭ರಿಂದ ಸೇರಿದವರಿಗೆ ಅನ್ವಯಿಸಿದ ವಂತಿಗೆ ಯೋಜನೆಯಲ್ಲಿ ಸೈನಿಕ ಒಂದು ಡಾಲರು ಉಳಿಸಿದರೆ ಸರ್ಕಾರ ಎರಡು ಡಾಲರು ಸೇರಿಸುತ್ತಿತ್ತು. ಅದು ನಿರೀಕ್ಷಿಸಿದಷ್ಟು ಜನರನ್ನು ಸೆಳೆಯಲಿಲ್ಲ.

ಮಿಸಿಸಿಪಿಯ ಪ್ರತಿನಿಧಿ ಜಿ.ವಿ. ಮಾಂಟ್‌ಗೊಮೆರಿ ಅವರ ಪ್ರಯತ್ನದಿಂದ ೧೯೮೪ರಲ್ಲಿ ಅಂಗೀಕಾರವಾಗಿ ೧೯೮೫ರ ಜುಲೈ ೧ರಿಂದ ಜಾರಿಗೆ ಬಂದ ಹೊಸ ಜಿ.ಐ. ಬಿಲ್ ಎರಡು ಕವಲುಗಳಾಗಿ ಒಡೆಯಿತು. ಪೂರ್ಣಾವಧಿ ಸೈನಿಕನು ಮೊದಲ ವರ್ಷ ತಿಂಗಳಿಗೆ ೧೦೦ ಡಾಲರಿನಂತೆ ೧೨೦೦ ಡಾಲರುಗಳನ್ನು ಸಂಬಳದಿಂದ ಬಿಟ್ಟುಕೊಟ್ಟು, ಮೂರು ವರ್ಷ ಸೇವೆ ಮುಗಿಸಿದರೆ ೩೬ ತಿಂಗಳು ತಲಾ ೩೦೦ ಡಾಲರು ಪಡೆಯುತ್ತಿದ್ದನು. ಆರು ವರ್ಷಗಳ ಕಾಲ ಮೀಸಲು ಪಡೆಯಲ್ಲಿರಲು ಒಪ್ಪಿದವನಿಗೆ ಯಾವ ವಂತಿಗೆಯೂ ಇಲ್ಲದೆ ೩೬ ತಿಂಗಳು ತಲಾ ೧೪೦ ಡಾಲರು.

ಮೇಲ್ನೋಟಕ್ಕೆ ಇದು ತಾರತಮ್ಯವೆಂದು ತೋರಿದರೂ ಲೆಕ್ಕ ಅಷ್ಟು ಸರಳವಲ್ಲ. ಆರಂಭದ ತರಬೇತಿಯನ್ನು ಬಿಟ್ಟರೆ ಮೀಸಲು ಸೈನಿಕನ ವಾರ್ಷಿಕ ಸೇವೆ ಸುಮಾರು ೩೮ ದಿನ. ಆರು ವರ್ಷಕ್ಕೆ ೨೨೮ ದಿನ. ಅವನ ಒಟ್ಟು ನೆರವು ೫,೦೪೦ ಡಾಲರು, ಅಂದರೆ ದಿನವೊಂದಕ್ಕೆ ೨೨ ಡಾಲರು. ಪೂರ್ಣಾವಧಿ ಸೈನಿಕನ ೧೦,೮೦೦ ಡಾಲರುಗಳಿಂದ ವಂತಿಗೆಯನ್ನು ಕಳೆದು ಮೂರು ವರ್ಷಗಳ ದಿನಗಳಿಗೆ ಹಂಚಿದರೆ ದಿನಕ್ಕೆ ೯ ಡಾಲರೂ ಬೀಳುವುದಿಲ್ಲ. ಶಾಂತಿಕಾಲದ ದೃಷ್ಟಿಯಿಂದ ೧೯೮೪ರ ವ್ಯವಸ್ಥೆಯನ್ನು ಮೀಸಲು ಸೈನಿಕನಿಗೆ ಮಾಡಿದ ಅನ್ಯಾಯವೆಂದು ಹೇಳಲಾಗದು.

ನಿಜವಾದ ವ್ಯತ್ಯಾಸವಿದ್ದದ್ದು ಮೊತ್ತದಲ್ಲಲ್ಲ, ಸೌಲಭ್ಯದ ಸ್ವರೂಪದಲ್ಲಿ. ಪೂರ್ಣಾವಧಿ ಸೈನಿಕನ ನೆರವು ಬಿಡುಗಡೆಯ ನಂತರ ಹತ್ತು ವರ್ಷ ಅವನ ಜೊತೆಯಲ್ಲಿಯೇ ಇರುತ್ತಿತ್ತು. ಮೀಸಲು ಸೈನಿಕನಾದರೋ ಪಡೆಯನ್ನು ಬಿಟ್ಟ ದಿನವೇ, ಕೆಲವು ವಿನಾಯಿತಿಗಳ ಹೊರತು, ಅರ್ಹತೆ ಕಳೆದುಕೊಳ್ಳುತ್ತಿದ್ದನು. ಮೊದಲನೆಯದಕ್ಕೆ ಹಣ ಮಾಜಿ ಸೈನಿಕರ ಆಡಳಿತದ ಬಜೆಟ್ಟಿನಿಂದ, ಎರಡನೆಯದಕ್ಕೆ ರಕ್ಷಣಾ ಇಲಾಖೆಯ ಬಜೆಟ್ಟಿನಿಂದ. ಕಾನೂನು ಸಂಹಿತೆಯಲ್ಲಿ ಮೊದಲನೆಯದು ಮಾಜಿ ಸೈನಿಕರಿಗೆ ಸಂಬಂಧಿಸಿದ ೩೮ನೆಯ ಶೀರ್ಷಿಕೆಯಲ್ಲಿ, ಎರಡನೆಯದು ಸಶಸ್ತ್ರ ಪಡೆಗಳಿಗೆ ಸಂಬಂಧಿಸಿದ ೧೦ನೆಯ ಶೀರ್ಷಿಕೆಯಲ್ಲಿ ನೆಲೆಗೊಂಡವು. ಹೀಗೆ ಒಂದು ಋಣವಾಗಿಯೂ ಇನ್ನೊಂದು ಮುಂಗಡವಾಗಿಯೂ ಉಳಿದವು.

೪. ಅಂತರದ ಬೆಳವಣಿಗೆ

ಎರಡು ಸಮಿತಿಗಳ ಕೈಯಲ್ಲಿದ್ದ ಎರಡು ಯೋಜನೆಗಳು ಒಂದೇ ವೇಗದಲ್ಲಿ ಬೆಳೆಯಲಿಲ್ಲ. ಕಾಲೇಜು ಶುಲ್ಕಗಳು ಏರಿದಾಗ ಮಾಜಿ ಸೈನಿಕರ ಸಂಘಟನೆಗಳು ಮಾಜಿ ಸೈನಿಕರ ಸಮಿತಿಗಳ ಮುಂದೆ ಹೋಗಿ ದರ ಏರಿಸುವಂತೆ ಒತ್ತಾಯಿಸಿದವು. ೨೦೦೧ರ ಕಾಯಿದೆಯೊಂದು ಪೂರ್ಣಾವಧಿ ಸೈನಿಕರ ದರವನ್ನು ಹಂತಹಂತವಾಗಿ ೮೦೦, ೯೦೦, ೯೮೫ ಡಾಲರುಗಳಿಗೆ ಹೆಚ್ಚಿಸಿತು. ಮೀಸಲು ಸೈನಿಕರ ದರ ಬೆಲೆಸೂಚ್ಯಂಕವನ್ನು ಹಿಂಬಾಲಿಸಿ ತೆವಳುತ್ತಿತ್ತು. ೧೯೮೫ರಲ್ಲಿ ೩೦೦ಕ್ಕೆ ೧೪೦, ಅಂದರೆ ಶೇ. ೪೭ರಷ್ಟಿದ್ದ ಅನುಪಾತವು ೨೦೦೭ರ ಅಕ್ಟೋಬರಿನಲ್ಲಿ ೧,೧೦೧ಕ್ಕೆ ೩೧೭, ಅಂದರೆ ಶೇ. ೨೯ಕ್ಕೆ ಕುಸಿದಿತ್ತು.

ವಿಪರ್ಯಾಸವೆಂದರೆ, ನೆರವಿನ ಅನುಪಾತ ಕುಸಿಯುತ್ತಿದ್ದ ಈ ಅವಧಿಯಲ್ಲಿಯೇ ಮೀಸಲು ಸೈನಿಕನ ಹೊರೆ ಏರಿತು. ೨೦೦೧ರ ಸೆಪ್ಟೆಂಬರ್ ೧೧ರ ದಾಳಿಯ ನಂತರ ಲಕ್ಷಾಂತರ ಮೀಸಲು ಸೈನಿಕರು ಆಫ್ಘಾನಿಸ್ತಾನ, ಇರಾಕುಗಳಿಗೆ ಹೋದರು. ೨೦೦೫ರ ಮೊದಲ ಭಾಗದಲ್ಲಿ ಇರಾಕಿನಲ್ಲಿದ್ದ ಅಮೆರಿಕದ ಪಡೆಗಳಲ್ಲಿ ಸುಮಾರು ಶೇ. ೪೦ರಷ್ಟು ಮಂದಿ ಇವರೇ. ‘ವರ್ಷಕ್ಕೆ ೩೮ ದಿನ’ ಎಂಬ ೧೯೮೪ರ ತಳಹದಿ ಕುಸಿದಿತ್ತು. ಅದರ ಮೇಲೆ ಕಟ್ಟಿದ ದರ ಮಾತ್ರ ಹಾಗೆಯೇ ನಿಂತಿತ್ತು.

೫. ೨೦೦೪ ಮತ್ತು ೨೦೦೮ರ ಪರಿಹಾರಗಳು

ಮೊದಲ ಪರಿಹಾರವು ೨೦೦೪ರ ಅಕ್ಟೋಬರಿನಲ್ಲಿ ಬಂದಿತು. ೨೦೦೧ರ ಸೆಪ್ಟೆಂಬರ್ ೧೧ರ ನಂತರ ಕರೆಗೆ ಓಗೊಟ್ಟು ಸತತ ೯೦ ದಿನ ಸೇವೆ ಸಲ್ಲಿಸಿದ ಮೀಸಲು ಸೈನಿಕನಿಗೆ ಪೂರ್ಣಾವಧಿ ಸೈನಿಕನ ದರದ ಶೇ. ೪೦, ಒಂದು ವರ್ಷವಾದರೆ ಶೇ. ೬೦, ಎರಡು ವರ್ಷವಾದರೆ ಶೇ. ೮೦ರಷ್ಟನ್ನು ಕೊಡುವ ಯೋಜನೆಯದು. ೨೦೦೭ರ ಅಕ್ಟೋಬರಿನ ದರದಲ್ಲಿ ಒಂದು ವರ್ಷ ಯುದ್ಧಭೂಮಿಯಲ್ಲಿದ್ದವನಿಗೆ ಇದರಿಂದ ೩೧೭ರ ಬದಲು ೬೬೦ ಡಾಲರು ದೊರೆಯುತ್ತಿತ್ತು. ಮೀಸಲು ಸೈನಿಕನನ್ನು ಪೂರ್ಣಾವಧಿ ಸೈನಿಕನ ಅಳತೆಗೋಲಿನಲ್ಲಿಯೇ ಅಳೆದದ್ದು ಇದರ ಮಹತ್ತ್ವ. ಆದರೆ ಪಡೆಯನ್ನು ಬಿಟ್ಟರೆ ನೆರವೂ ಹೋಗುತ್ತದೆ ಎಂಬ ಹಳೆಯ ಷರತ್ತು ಇಲ್ಲಿಯೂ ಮುಂದುವರಿಯಿತು. ಯುದ್ಧ ಮುಗಿಸಿ, ಒಪ್ಪಂದದ ಅವಧಿಯನ್ನೂ ಪೂರೈಸಿ ಹೊರಬಂದವನು ಓದಲು ಹೊರಟಾಗ ಅವನ ಕೈ ಬರಿದಾಗಿರುತ್ತಿತ್ತು. ಒಪ್ಪಂದ ಪೂರೈಸಿದವರಿಗೆ ಹತ್ತು ವರ್ಷಗಳ ಕಾಲಾವಕಾಶ ದೊರೆತದ್ದು ೨೦೦೮ರ ತಿದ್ದುಪಡಿಯಿಂದ.

ಎರಡನೆಯ ಪರಿಹಾರ, ವರ್ಜೀನಿಯಾದ ಸೆನೆಟರ್ ಜಿಮ್ ವೆಬ್ ಅವರು ಮಂಡಿಸಿ, ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು ೨೦೦೮ರ ಜೂನ್ ೩೦ರಂದು ಸಹಿ ಹಾಕಿದ ಹೊಸ ಜಿ.ಐ. ಬಿಲ್. ನೆರವು ಉದಾರವಾದರೆ ಸೈನಿಕರು ಬೇಗನೆ ಸೈನ್ಯ ಬಿಡುವರೆಂದು ರಕ್ಷಣಾ ಇಲಾಖೆ ಆಕ್ಷೇಪಿಸಿತ್ತು. ಕಾಂಗ್ರೆಸ್ಸಿನ ಬಜೆಟ್ ಕಚೇರಿಯು ಮರುಭರ್ತಿಯಲ್ಲಿ ಶೇ. ೧೬ರ ಇಳಿತವನ್ನೂ ಹೊಸ ಭರ್ತಿಯಲ್ಲಿ ಅಷ್ಟೇ ಏರಿಕೆಯನ್ನೂ ಅಂದಾಜು ಮಾಡಿತ್ತು. ಋಣ ಮತ್ತು ಆಕರ್ಷಣೆ ಎಂಬ ಎರಡು ತತ್ತ್ವಗಳು ನೇರವಾಗಿ ಮುಖಾಮುಖಿಯಾದ ಸಂದರ್ಭವಿದು. ಕುಟುಂಬದವರಿಗೆ ನೆರವನ್ನು ವರ್ಗಾಯಿಸುವ ಅವಕಾಶವನ್ನು ದೀರ್ಘಸೇವೆಯ ಷರತ್ತಿನೊಂದಿಗೆ ಸೇರಿಸಿ ಎರಡಕ್ಕೂ ಹೊಂದಾಣಿಕೆ ಮಾಡಲಾಯಿತು.

೨೦೦೯ರ ಆಗಸ್ಟ್ ೧ರಿಂದ ಜಾರಿಗೆ ಬಂದ ಈ ಕಾಯಿದೆ ಬೋಧನಾ ಶುಲ್ಕ, ವಸತಿಭತ್ಯೆ, ಪುಸ್ತಕಗಳ ವೆಚ್ಚ ಮೂರನ್ನೂ ಒಳಗೊಂಡಿತು. ಒಟ್ಟು ೩೬ ತಿಂಗಳ ಸಕ್ರಿಯ ಸೇವೆಗೆ ಪೂರ್ಣ ನೆರವು, ೯೦ ದಿನಕ್ಕೆ ಶೇ. ೪೦, ನಡುವೆ ಹಂತಗಳು. ಮೀಸಲು ಸೈನಿಕನ ಬೇರೆ ಬೇರೆ ಕಾಲದ ಸಕ್ರಿಯ ಸೇವೆಗಳನ್ನು ಕೂಡಿಸಿ ಎಣಿಸಬಹುದಾಗಿತ್ತು, ಹಾಗೂ ಪಡೆಯನ್ನು ಬಿಟ್ಟರೂ ಹಕ್ಕು ಉಳಿಯುತ್ತಿತ್ತು. ೧೯೪೪ರ ನಂತರ ಮೊದಲ ಬಾರಿಗೆ ಎಂಬಂತೆ ಇಬ್ಬರಿಗೂ ಒಂದೇ ಏಣಿ ದೊರೆಯಿತು. ೨೦೦೪ರ ಯೋಜನೆಯನ್ನು ೨೦೧೫ರ ನವೆಂಬರಿನಲ್ಲಿ ನಿಲ್ಲಿಸಲಾಯಿತು. ಆಗ ಓದುತ್ತಿದ್ದವರಿಗೆ ೨೦೧೯ರ ನವೆಂಬರಿನವರೆಗೆ ಅವಕಾಶವಿತ್ತು.

೬. ಯಾವ ದಿನ ‘ಸೇವೆ’?

ಏಣಿ ಒಂದೇ ಆದ ಮೇಲೆ ವಿವಾದವು ದಿನಗಳ ಎಣಿಕೆಗೆ ಸ್ಥಳಾಂತರಗೊಂಡಿತು. ವಾರಾಂತ್ಯದ ತರಬೇತಿಯ ದಿನಗಳು ಲೆಕ್ಕಕ್ಕೆ ಬರಲಿಲ್ಲ. ನ್ಯಾಷನಲ್ ಗಾರ್ಡ್‌ನವರು ೩೨ನೆಯ ಶೀರ್ಷಿಕೆಯಡಿ ಮಾಡಿದ ಪೂರ್ಣಾವಧಿ ಕೆಲಸವೂ ಮೊದಲು ಬರಲಿಲ್ಲ; ೨೦೧೧ರ ಜನವರಿಯಲ್ಲಿ ಸಹಿಯಾದ ಕಾಯಿದೆ ಅದರ ಒಂದು ಭಾಗವನ್ನು ಸೇರಿಸಿತು. ೨೦೧೧ರ ಕೊನೆಯಲ್ಲಿ ರಚಿತವಾದ ಹೊಸ ಕಲಮೊಂದರಡಿ ವಿದೇಶಗಳಿಗೆ ಕಳುಹಿಸಲ್ಪಟ್ಟವರ ದಿನಗಳಿಗೂ ಮಾನ್ಯತೆಯಿರಲಿಲ್ಲ. ಕೆಲಸ ಒಂದೇ ಆದರೂ ಆದೇಶಪತ್ರದ ಮೇಲಿನ ಕಲಮಿನ ಸಂಖ್ಯೆ ಬೇರೆಯಾಗಿದ್ದರೆ ಶಿಕ್ಷಣದ ಹಕ್ಕು ಇಲ್ಲವಾಗುತ್ತಿತ್ತು. ೨೦೧೭ರ ಆಗಸ್ಟ್ ೧೬ರಂದು ಸಹಿಯಾದ ಕಾಯಿದೆ ಈ ಲೋಪವನ್ನು ತಿದ್ದಿತು. ಅದೇ ಕಾಯಿದೆಯ ಪ್ರಕಾರ ೨೦೨೦ರ ಆಗಸ್ಟಿನಿಂದ ೯೦ ದಿನಗಳ ಸೇವೆಗೆ ದೊರೆಯುವ ಪ್ರಮಾಣ ಶೇ. ೫೦ಕ್ಕೆ ಏರಿತು.

ಈ ಎಣಿಕೆಯ ಸೂಕ್ಷ್ಮತೆ ೨೦೨೦ರ ಕೊರೊನಾ ಸಂದರ್ಭದಲ್ಲಿ ಎಲ್ಲರ ಕಣ್ಣಿಗೆ ಬಿದ್ದಿತು. ಸಾಂಕ್ರಾಮಿಕದ ಕೆಲಸಕ್ಕೆ ನಿಯೋಜಿತರಾಗಿದ್ದ ಗಾರ್ಡ್‌ನ ಸಾವಿರಾರು ಜನರ ಆದೇಶವು ಜೂನ್ ೨೪ರಂದು ಮುಗಿಯುವುದಿತ್ತು. ಅವರಲ್ಲಿ ಅನೇಕರ ಪಾಲಿಗೆ ಅದು ೮೯ನೆಯ ದಿನ, ಅರ್ಹತೆಗೆ ಒಂದೇ ದಿನ ಕಡಿಮೆ. ಟೀಕೆಗಳ ನಂತರ ಆದೇಶವನ್ನು ಆಗಸ್ಟ್ ನಡುಭಾಗದವರೆಗೆ ವಿಸ್ತರಿಸಲಾಯಿತು. ಸಮವಸ್ತ್ರದಲ್ಲಿ ಕಳೆದ ಪ್ರತಿಯೊಂದು ದಿನವನ್ನೂ ಎಣಿಸಬೇಕೆಂಬ ಮಸೂದೆಯನ್ನು ಪ್ರತಿನಿಧಿ ಸಭೆಯು ೨೦೨೨ರ ಜನವರಿಯಲ್ಲಿ ಅಂಗೀಕರಿಸಿತು. ಆದರೆ ಆ ಕಾಂಗ್ರೆಸ್ಸಿನ ಅವಧಿಯಲ್ಲಿ ಅದು ಕಾಯಿದೆಯಾಗಲಿಲ್ಲ. ೨೦೨೪ರ ಏಪ್ರಿಲ್ ೧೬ರಂದು ರುಡಿಸಿಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಪ್ರತ್ಯೇಕ ಸೇವಾವಧಿಗಳಿಂದ ಎರಡು ಜಿ.ಐ. ಬಿಲ್‌ಗಳಿಗೂ ಅರ್ಹನಾದವನು ಒಟ್ಟು ೪೮ ತಿಂಗಳವರೆಗೆ ಎರಡನ್ನೂ ಬಳಸಬಹುದೆಂದು ೭–೨ರ ಬಹುಮತದಿಂದ ತೀರ್ಪು ನೀಡಿತು.

ಸಮಾರೋಪ

ಒಟ್ಟಿನಲ್ಲಿ ನೋಡಿದರೆ, ಈ ಎರಡು ಸೌಲಭ್ಯಗಳ ನಡುವಣ ಅಂತರಕ್ಕೆ ಮೂಲಕಾರಣ ಹಣದ ಕೊರತೆಯಲ್ಲ. ಸೈನಿಕನಿಗೆ ಕೊಡುವ ಶಿಕ್ಷಣವನ್ನು ರಾಜ್ಯವು ಋಣವೆಂದು ತಿಳಿದಾಗ ಅದು ಹಕ್ಕಿನ ರೂಪ ಪಡೆದು ಕಾಲದ ಬೆಲೆಗೆ ತಕ್ಕಂತೆ ಬೆಳೆಯಿತು. ಭರ್ತಿಯ ಮುಂಗಡವೆಂದು ತಿಳಿದಾಗ ಇಲಾಖೆಯ ಅಗತ್ಯಕ್ಕೆ ತಕ್ಕಂತೆ ನಿಂತಲ್ಲೇ ನಿಂತಿತು. ಶಾಂತಿಕಾಲದಲ್ಲಿ ಎರಡನೆಯ ದೃಷ್ಟಿಗೂ ಒಂದು ನ್ಯಾಯವಿತ್ತು. ಮೀಸಲು ಸೈನಿಕನನ್ನು ಯುದ್ಧಕ್ಕೆ ಕಳುಹಿಸಿದ ಮೇಲೆ ಆ ನ್ಯಾಯ ಉಳಿಯಲಿಲ್ಲ. ಕಾನೂನು ಅದನ್ನು ಒಪ್ಪಿಕೊಳ್ಳಲು ಮೂರು ವರ್ಷ, ಸರಿಪಡಿಸಲು ಇನ್ನೂ ಹೆಚ್ಚು ಕಾಲ ಹಿಡಿಯಿತು. ೧೯೩೨ರ ಮಾಜಿ ಸೈನಿಕರು ಕೇಳಿದ್ದು ‘ನಮ್ಮ ಬಾಕಿ ಯಾವಾಗ?’ ಎಂದು. ಇಂದಿನ ಮೀಸಲು ಸೈನಿಕನ ಪ್ರಶ್ನೆ ‘ನನ್ನ ಯಾವ ದಿನಗಳನ್ನು ಲೆಕ್ಕಕ್ಕೆ ಹಿಡಿಯುತ್ತೀರಿ?’ ಎಂಬುದು. ಅಲ್ಪಾವಧಿಯ ಹಾಗೂ ಅರೆಕಾಲಿಕ ಸೈನಿಕ ಸೇವೆಯನ್ನು ಅವಲಂಬಿಸುವ ಯಾವುದೇ ರಾಷ್ಟ್ರವು ಈ ಪ್ರಶ್ನೆಗೆ ಮೊದಲೇ ಉತ್ತರವನ್ನು ಯೋಚಿಸಿಟ್ಟುಕೊಳ್ಳಬೇಕೆಂಬುದು ಈ ಚರಿತ್ರೆಯಿಂದ ವ್ಯಕ್ತವಾಗುತ್ತದೆ.