ಅನಾನಸಿನ ಬಳಗ, ಕುರುಗೋಡಿನ ಕಳ್ಳಿ

ಅನಾನಸ್ ಬ್ರೊಮೆಲಿಯಾಡ್ ಕುಟುಂಬದ ಗಿಡ. ಈ ಕುಟುಂಬದ 3,000ಕ್ಕೂ ಹೆಚ್ಚು ಪ್ರಭೇದಗಳಲ್ಲಿ ಪಶ್ಚಿಮ ಆಫ್ರಿಕದ ಒಂದನ್ನು ಬಿಟ್ಟರೆ ಉಳಿದವುಗಳ ತವರು ಅಮೆರಿಕ ಖಂಡಗಳು. ಅಲ್ಲಿನ ಮಳೆಕಾಡುಗಳಲ್ಲಿ ಹಲವು ಪ್ರಭೇದಗಳು ಮರದ ಕೊಂಬೆಯ ಮೇಲೆ ಬೆಳೆಯುತ್ತವೆ, ಆದರೆ ಮರದ ರಸ ಹೀರುವುದಿಲ್ಲ. ಎಲೆಗಳ ಬುಡದಲ್ಲಿ ಮಳೆನೀರು ನಿಂತು ಪುಟ್ಟ ಕೊಳವಾಗುತ್ತದೆ. ಬಿದ್ದ ತರಗೆಲೆ ಅಲ್ಲೇ ಕೊಳೆತು ಗಿಡಕ್ಕೆ ಗೊಬ್ಬರ. ಗೊದಮೊಟ್ಟೆಗಳೂ ಅದರಲ್ಲಿ ಬೆಳೆಯುತ್ತವೆ. ಜಮೈಕಾದ ಒಂದು ಏಡಿಯಂತೂ ತನ್ನ ಮರಿಗಳನ್ನು ಇಂಥ ಕೊಳದಲ್ಲೇ ಸಾಕುತ್ತದೆ!

ಬಳ್ಳಾರಿ ಜಿಲ್ಲೆಯ ಕುರುಗೋಡಿನ ಕಾದ ಬಂಡೆಗಳಲ್ಲಿ ಈ ಗಿಡಗಳಿಲ್ಲ. ಆದರೆ ಅನಾನಸ್ ನೀರುಳಿಸುವ ಉಪಾಯವೇ ಬಿಸಿಲುನಾಡಿನ ಕಳ್ಳಿಯದೂ ಹೌದು, ಮೆಕ್ಸಿಕೊ ಕಡೆಯಿಂದ ಬಂದ ಕತ್ತಾಳೆಯದೂ ಹೌದು. ನಂಟಿಲ್ಲದ ಗಿಡಗಳು ಒಂದೇ ದಾರಿ ಹಿಡಿದದ್ದು ನಿಜಕ್ಕೂ ಸೋಜಿಗ. ಹಗಲಲ್ಲಿ ಇವು ಉಸಿರಾಟದ ರಂಧ್ರಗಳನ್ನು ಮುಚ್ಚಿಕೊಳ್ಳುತ್ತವೆ. ರಾತ್ರಿ ತಂಪಿನಲ್ಲಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲರೂಪದಲ್ಲಿ ಕೂಡಿಟ್ಟು, ಮರುದಿನದ ಬಿಸಿಲಲ್ಲಿ ಅದರಿಂದ ಸಕ್ಕರೆ ತಯಾರಿಸಿಕೊಳ್ಳುತ್ತವೆ.